ಅರ್ಧ ಲೀಟರ್ ಮನುಷ್ಯ

ಎಂ.ಫಾರ್ಮ್ ಪ್ರಾಜೆಕ್ಟಿಗೆ ಇಲಿ, ಮೊಲ ಬೇಡ, ಔಷಧಿ ಮೈಯಲ್ಲಿ ಹೇಗೆ ಏರಿ ಇಳಿಯುತ್ತೆ ಅಂತ ಕಂಪ್ಯೂಟರಲ್ಲೇ ಲೆಕ್ಕ ಹಾಕ್ತೀನಿ ಸರ್ ಅಂದೆ. "ಮಾಡಪ್ಪ, ಆದ್ರೆ ನಂಗೂ ಅದು ಅಷ್ಟಾಗಿ ಬರಲ್ಲ" ಅಂದರು ಗೈಡ್. ದಾವಣಗೆರೆಯ ವಿದ್ಯಾನಗರದ ರೂಮಿನಲ್ಲಿ, ಹಳೇ ಲ್ಯಾಪ್‌ಟಾಪ್‌ ಇಟ್ಟುಕೊಂಡು ಶುರು ಮಾಡಿದೆ.

ಲೈಸೆನ್ಸಿಗೆ ದುಡ್ಡಿರಲಿಲ್ಲ. ಹಾಗಾಗಿ ಪುಕ್ಕಟೆ ಸಿಗುವ ಆರ್ (R) ಅನ್ನೋ ಲೆಕ್ಕದ ಸಾಫ್ಟ್‌ವೇರ್ ಹಾಕಿಕೊಂಡೆ. ಅದರ ಜೊತೆಗೇ ಥಿಯೋಫಿಲಿನ್ ಡೇಟಾ ಬರುತ್ತದೆ. ಉಬ್ಬಸದ ಹಳೇ ಔಷಧಿ ಅದು. ಕಮ್ಮಿಯಾದರೆ ಕೆಲಸ ಮಾಡಲ್ಲ, ಜಾಸ್ತಿಯಾದರೆ ವಾಂತಿ, ಫಿಟ್ಸ್. 12 ಜನ, ಒಬ್ಬೊಬ್ಬರಿಗೆ 11 ಸಲ ರಕ್ತ ತೆಗೆದಿದ್ದಾರೆ. ಹೀಗೆ ಹಲವು ಜನರ ಡೇಟಾ ಒಟ್ಟಿಗಿಟ್ಟು ಲೆಕ್ಕ ಹಾಕುವ ವಿದ್ಯೆಗೆ ತಳಪಾಯ ಹಾಕಿದ ಸ್ಯಾನ್ ಫ್ರಾನ್ಸಿಸ್ಕೋದ ಲೂಯಿಸ್ ಶೈನರ್, ಸ್ಟುವರ್ಟ್ ಬೀಲ್ ಕಾಲದಿಂದಲೂ ಕಲಿಯೋರೆಲ್ಲ ಇದೇ ಡೇಟಾದ ಮೇಲೆ ಕೈ ಪಳಗಿಸಿಕೊಂಡು ಬಂದಿದ್ದಾರೆ.

ಲೆಕ್ಕದಲ್ಲಿ ಮನುಷ್ಯ ಅಂದರೆ ಒಂದು ತೂತು ಕೊಡ. ಮೇಲಿಂದ ಔಷಧಿ ಬೀಳುತ್ತದೆ, ಕೆಳಗಿಂದ ಸೋರುತ್ತದೆ. ಕೊಡ ಎಷ್ಟು ದೊಡ್ಡದು? ಎಷ್ಟು ಬೆಲ್ಲ ಹಾಕಿದೆವು ಅಂತ ಗೊತ್ತಿದ್ದರೆ, ಒಂದು ಲೋಟ ಪಾನಕದ ಸಿಹಿ ನೋಡಿ ಕೊಳಗದಲ್ಲಿ ನೀರೆಷ್ಟಿದೆ ಅಂತ ಹೇಳಬಹುದಲ್ವಾ? ಅದೇ ಲೆಕ್ಕ.

ಮೂರು ವಾರ ಎರರ್ ಮೇಲೆ ಎರರ್. ಕೊನೆಗೊಂದು ರಾತ್ರಿ ಮಾಡೆಲ್ ಕೂತಿತು. ಮಾಡೆಲಿನ ಗೆರೆ ರಕ್ತದ ಅಳತೆಯ ಚುಕ್ಕೆಗಳ ಮೇಲೇ ಸರಿಯಾಗಿ ಹೋಗಿತ್ತು. ಬೆಳಗ್ಗೆ ಬೆಣ್ಣೆದೋಸೆ ತಿಂದು, ಪ್ರಿಂಟ್ ಹಿಡಿದು ಗೈಡ್ ಮುಂದೆ ನಿಂತೆ. ಅವರು ಗೆರೆ ನೋಡಲೇ ಇಲ್ಲ. ಕೊಡದ ಅಳತೆ ನೋಡಿದರು: 0.46.

"ಮೈಯಲ್ಲಿ ರಕ್ತ ಎಷ್ಟಿರುತ್ತೋ?"

"ಐದು ಲೀಟರ್ ಸರ್."

"ನಿನ್ನ ಮನುಷ್ಯ ಅರ್ಧ ಲೀಟರೂ ಇಲ್ವಲ್ಲೋ."

ಮಾಡೆಲಿಂಗ್ ಬರಲ್ಲ ಅಂದವರು ಒಂದೇ ನೋಟಕ್ಕೆ ಹಿಡಿದಿದ್ದರು. ರೂಮಿಗೆ ಬಂದು ಡೇಟಾದ ವಿವರಣೆ ತೆಗೆದೆ. ಮೊದಲ ದಿನವೇ ಓದಬೇಕಿತ್ತು, ಸುಮ್ನೆ ಬಿಟ್ಟಿದ್ದೆ. ಡೋಸ್ ಇರುವುದು ಮಿಲಿಗ್ರಾಂನಲ್ಲಲ್ಲ, ದೇಹದ ಪ್ರತಿ ಕಿಲೋಗೆ ಇಷ್ಟು ಮಿಲಿಗ್ರಾಂ ಅಂತ. ಮೊದಲನೆಯವನಿಗೆ 4.02, ತೂಕ 79.6. ಗುಣಿಸಿದರೆ 320 ಮಿಲಿಗ್ರಾಂ! ಹಾಗಾದರೆ ನನ್ನ 0.46 ಕೂಡ ಕಿಲೋ ಲೆಕ್ಕವೇ. 70 ಕಿಲೋ ಮನುಷ್ಯನಿಗೆ ಸುಮಾರು 32 ಲೀಟರ್. ಔಷಧಿ ರಕ್ತದಲ್ಲೇ ಕೂರದೆ ಮೈಗೆಲ್ಲ ಹರಡುತ್ತದೆ, ಅದಕ್ಕೇ ಅಷ್ಟು.

ಆಮೇಲೆ ಕೆಲಸ ಸಲೀಸಾಯಿತು. 12 ಜನರಲ್ಲಿ ಕೊಡದ ಅಳತೆ ಅಷ್ಟೇನೂ ಬೇರೆ ಇರಲಿಲ್ಲ. ಕರುಳಿನಿಂದ ರಕ್ತಕ್ಕೆ ಸೇರುವ ವೇಗದಲ್ಲೇ ಜಾಸ್ತಿ ಏರುಪೇರು.

ಒಂದು ಸಂಖ್ಯೆ ಮಾತ್ರ ಕಾಡುತ್ತಲೇ ಇತ್ತು. ಅದೇ ಮೊದಲನೆಯವನ ರಕ್ತದಲ್ಲಿ ಸೊನ್ನೆ ಗಂಟೆಗೇ, ಅಂದರೆ ಔಷಧಿ ಕೊಡುವ ಹೊತ್ತಿಗೇ, 0.74. ಮಾಡೆಲ್ ಪ್ರಕಾರ ಸೊನ್ನೆ ಇರಬೇಕು. ಟೀ ಎಲೆಯಲ್ಲೂ ಚೂರು ಥಿಯೋಫಿಲಿನ್ ಇರುತ್ತದೆ, ಆದರೆ ಇಷ್ಟು ಬರುವಷ್ಟಲ್ಲ. ಅಳಿಸಿದೆ, ಗ್ರಾಫ್ ಚೆಂದ ಕಂಡಿತು. ಮನಸ್ಸು ಒಪ್ಪದೆ ವಾಪಸ್ ಹಾಕಿದೆ.

ವೈವಾದಲ್ಲಿ ಎಕ್ಸ್‌ಟರ್ನಲ್ ಪರೀಕ್ಷಕರು ಬೆರಳಿಟ್ಟದ್ದು ಅಲ್ಲಿಗೇ. "ಮಾತ್ರೆ ಕೊಡೋ ಮುಂಚೆನೇ ಔಷಧಿ ಎಲ್ಲಿಂದ ಬಂತು?"

"ಗೊತ್ತಿಲ್ಲ ಸರ್. ಡೇಟಾದಲ್ಲಿತ್ತು, ಬಿಟ್ಟಿದ್ದೀನಿ."

ತಲೆಯಾಡಿಸಿ ಮುಂದಿನ ಪುಟ ತಿರುಗಿಸಿದರು.