ಹೊಯ್ಸಳ ಗುಡಿಗಳ ಸುತ್ತಾಟ: ಜಾಗ ನಕ್ಷೆಗೆ ಬಿಡಿ, ಗುಮಾಸ್ತಿಕೆ ಎಐಗೆ ಕೊಡಿ

ಬೇಲೂರು, ಹಳೇಬೀಡು ಬಹಳ ಜನ ನೋಡಿರುತ್ತಾರೆ. ಹಾಸನದ ಸುತ್ತಮುತ್ತ ಇನ್ನೂ ಎಷ್ಟೋ ಹೊಯ್ಸಳ ಗುಡಿಗಳಿವೆ. ದೊಡ್ಡಗದ್ದವಳ್ಳಿ, ಮೊಸಳೆ, ಹಾರನಹಳ್ಳಿ, ಜಾವಗಲ್, ನುಗ್ಗೇಹಳ್ಳಿ. ಒಂದು ವಾರಾಂತ್ಯದಲ್ಲಿ ಇವನ್ನು ಸುತ್ತೋಣ ಅಂತ ಹೊರಟರೆ ಈಗ ಮೊದಲು ಕೈ ಹೋಗುವುದು ಚಾಟ್‌ಜಿಪಿಟಿಗೋ ಜೆಮಿನಿಗೋ. ‘ಎರಡು ದಿನದ ಪ್ಲಾನ್ ಕೊಡು’ ಅಂದರೆ ಕೊಡುತ್ತದೆ, ತಿಂಡಿ ಸಮಯದ ಸಮೇತ. ಆದರೆ ಬರೀ ನೆನಪಿನ ಮೇಲೆ ಉತ್ತರ ಕೊಡುವಾಗ ಅದು ಒಂದು ಊರಿನ ಗುಡಿಯನ್ನು ಇನ್ನೊಂದು ಊರಿಗೆ ಅಂಟಿಸಬಹುದು, ದೂರವನ್ನು ಅರ್ಧಕ್ಕೆ ಇಳಿಸಬಹುದು. ಊರು ಎಲ್ಲಿದೆ ಅಂತ ಹೇಳುವುದು ನಕ್ಷೆಯ ಕೆಲಸ, ಅಲ್ವಾ?

ಆ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್. 2004ರಲ್ಲಿ ಶುರುವಾದ ಇದನ್ನು ಜನರೇ ಸೇರಿ ಬರೆಯುತ್ತಾರೆ. ಚಿತ್ರ ಮಾತ್ರವಲ್ಲ, ಅದರ ಹಿಂದಿನ ಮಾಹಿತಿಯೂ ಯಾರಿಗೆ ಬೇಕಾದರೂ ಸಿಗುತ್ತದೆ.

ಹೆಜ್ಜೆ 1: ಎಐಯಿಂದ ಪ್ರಶ್ನೆ ಬರೆಸಿ

ಈ ನಕ್ಷೆಯಿಂದ ಬೇಕಾದ್ದನ್ನು ಹೆಕ್ಕಿ ಕೊಡುವ ಉಚಿತ ತಾಣ ಓವರ್‌ಪಾಸ್ ಟರ್ಬೊ. ಅದಕ್ಕೆ ತನ್ನದೇ ಒಂದು ಕೋಡ್ ಭಾಷೆ ಇದೆ. ಅದನ್ನು ನೀವು ಕಲಿಯಬೇಕಾಗಿಲ್ಲ, ಎಐಗೆ ಗೊತ್ತು. ಕನ್ನಡದಲ್ಲೇ ಹೀಗೆ ಕೇಳಿ: ‘ಹಾಸನ ಪಟ್ಟಣದಿಂದ 45 ಕಿ.ಮೀ. ಒಳಗೆ ಹಿಸ್ಟಾರಿಕ್ ಅಂತ ಗುರುತು ಮಾಡಿರುವ ಜಾಗಗಳು, ಹಿಂದೂ ದೇವಸ್ಥಾನಗಳು, ಎರಡೂ ಬೇಕು. ಓವರ್‌ಪಾಸ್ ಕ್ವೆರಿ (ಪ್ರಶ್ನೆಯ ಕೋಡ್) ಬರೆದುಕೊಡು. ಹೆಸರು, ಕನ್ನಡ ಹೆಸರು, ಅಕ್ಷಾಂಶ, ರೇಖಾಂಶ ಪಟ್ಟಿಯಾಗಿ ಬರಲಿ.’ ಬಂದ ಕೋಡನ್ನು ತಾಣದಲ್ಲಿ ಅಂಟಿಸಿ ‘ರನ್’ ಒತ್ತಿ. ಕೆಂಪಕ್ಷರದಲ್ಲಿ ತಪ್ಪು ತೋರಿಸಿದರೆ ಗಾಬರಿ ಬೇಡ. ಆ ಸಂದೇಶವನ್ನೇ ಎಐಗೆ ಅಂಟಿಸಿ, ಸರಿಮಾಡಿಕೊಡುತ್ತದೆ.

‘ಎರಡೂ’ ಅನ್ನುವುದಕ್ಕೆ ಕಾರಣ ಇದೆ. ಹಳೆಯ ಗುಡಿಯನ್ನು ಒಬ್ಬರು ಸ್ಮಾರಕ ಅಂತ ಗುರುತು ಮಾಡಿದರೆ ಇನ್ನೊಬ್ಬರು ಸುಮ್ನೆ ಪೂಜಾಸ್ಥಳ ಅಂತ ಹಾಕಿರುತ್ತಾರೆ. ಒಂದನ್ನೇ ಕೇಳಿದರೆ ಅರ್ಧ ತಪ್ಪಿಹೋಗಬಹುದು.

ಹೆಜ್ಜೆ 2: ಜರಡಿ ಹಿಡಿಯಿರಿ

ಈಗ ಇನ್ನೊಂದು ತಲೆನೋವು. ಮಾರಮ್ಮನ ಗುಡಿ, ಆಂಜನೇಯನ ಗುಡಿ ಎಲ್ಲ ಸೇರಿ ಪಟ್ಟಿ ಉದ್ದವಾಗಿರುತ್ತದೆ. ಇದಕ್ಕೊಂದು ಉಪಾಯ: ‘ವಿಕಿಡೇಟಾ ಗುರುತು ಇರುವುದನ್ನು ಮಾತ್ರ ಕೊಡು’ ಅಂತ ಕ್ವೆರಿ ಬದಲಿಸಿ. ವಿಕಿಡೇಟಾ ಅಂದರೆ ವಿಕಿಪೀಡಿಯದ ಸೋದರ ಮಾಹಿತಿಕೋಶ. ಅಷ್ಟಿಷ್ಟು ಹೆಸರು ಮಾಡಿದ ಜಾಗಗಳಷ್ಟೇ ಉಳಿಯುತ್ತವೆ. ಆದರೆ ಮೊದಲಿನ ಉದ್ದದ ಪಟ್ಟಿಯನ್ನು ಎಸೆಯಬೇಡಿ. ಯಾರೂ ವಿಕಿಪೀಡಿಯದಲ್ಲಿ ಬರೆಯದ ಗುಡಿ ಅದರಲ್ಲೇ ಇರುತ್ತದೆ. ಇಂಥ ಸುತ್ತಾಟದ ಮಜಾ ಇರುವುದೂ ಅಲ್ಲೇ.

ಉಳಿದದ್ದನ್ನು ಎಐಗೆ ಕೊಟ್ಟು, ‘ಈ ಪಟ್ಟಿಯಲ್ಲಿ ಇರುವುದನ್ನು ಮಾತ್ರ ಬಳಸು, ಹೊಸದು ಸೇರಿಸಬೇಡ. ದಿಕ್ಕು ನೋಡಿ ಎರಡು ದಿನಕ್ಕೆ ಹಂಚು’ ಅನ್ನಿ. ಜಾವಗಲ್, ಹಾರನಹಳ್ಳಿ, ಅರಸೀಕೆರೆ ಉತ್ತರಕ್ಕೆ ಒಂದು ದಿನ. ನುಗ್ಗೇಹಳ್ಳಿ ಪೂರ್ವಕ್ಕಿದೆ, ಅದನ್ನು ಮೊಸಳೆ ಜೊತೆ ಇನ್ನೊಂದು ದಿನಕ್ಕೆ ಇಡಬಹುದು. ಹಳೇಬೀಡಿಗೆ ಹೋಗುವುದಿದ್ದರೆ ಬೆಳವಾಡಿ ಬಿಡಬೇಡಿ. ಜಿಲ್ಲೆ ಚಿಕ್ಕಮಗಳೂರು, ಆದರೆ ಹಳೇಬೀಡಿಗೆ ಹತ್ತಿರ. ಅಲ್ಲಿನ ವೀರನಾರಾಯಣ ದೇವಸ್ಥಾನಕ್ಕೆ ಮೂರು ಗರ್ಭಗುಡಿ.

ಹೆಜ್ಜೆ 3: ದೂರವನ್ನು ಬೇರೆ ಕಡೆ ಅಳೆಯಿರಿ

ಕ್ವೆರಿಯಲ್ಲಿ ಕೇಳಿದ 45 ಕಿ.ಮೀ. ಹಕ್ಕಿ ಹಾರುವ ದೂರ. ರಸ್ತೆಯದು ಜಾಸ್ತಿ. ಎಐ ಹೇಳುವ ಕಿಲೋಮೀಟರನ್ನೂ ನಂಬಬೇಡಿ. ಓಪನ್‌ಸ್ಟ್ರೀಟ್‌ಮ್ಯಾಪ್ ತಾಣದಲ್ಲೇ ದಾರಿ ತೋರಿಸುವ ಸೌಲಭ್ಯ ಇದೆ. ಅದರಲ್ಲಿ ಟ್ರಾಫಿಕ್ ಲೆಕ್ಕ ಇರುವುದಿಲ್ಲ, ಹಳ್ಳಿ ರಸ್ತೆಯ ಗುಂಡಿ, ಹಂಪುಗಳದ್ದೂ ಇಲ್ಲ. ತೋರಿಸಿದ ಸಮಯಕ್ಕೆ ಧಾರಾಳವಾಗಿ ಸೇರಿಸಿಕೊಳ್ಳಿ.

ಹೆಜ್ಜೆ 4: ಫೋನಿಗೆ ಇಳಿಸಿ

ಪಟ್ಟಿಯಾಗಿ ಬರುವ ಕ್ವೆರಿಯಿಂದ ನಕ್ಷೆಯ ಫೈಲ್ ಸಿಗುವುದಿಲ್ಲ. ‘ಪಟ್ಟಿ ಬದಲು ನಕ್ಷೆಯ ಮೇಲೆ ತೋರಿಸುವ ಹಾಗೆ ಕ್ವೆರಿ ಬದಲಿಸು’ ಅಂತ ಎಐಗೆ ಹೇಳಿ, ಮತ್ತೆ ರನ್ ಮಾಡಿ. ಆಮೇಲೆ ಓವರ್‌ಪಾಸ್‌ನಲ್ಲಿ ‘ಎಕ್ಸ್‌ಪೋರ್ಟ್’ ಒತ್ತಿ ಕೆಎಂಎಲ್ (ನಕ್ಷೆಯ ಮೇಲಿನ ಜಾಗಗಳ ಗುರುತು ಇರುವ) ಫೈಲ್ ತೆಗೆದುಕೊಳ್ಳಿ. ಆರ್ಗ್ಯಾನಿಕ್ ಮ್ಯಾಪ್ಸ್ ಆ್ಯಪ್‌ನಲ್ಲಿ ಕರ್ನಾಟಕದ ನಕ್ಷೆ ಇಳಿಸಿ, ಈ ಫೈಲ್ ತೆರೆಯಿರಿ. ನೆಟ್‌ವರ್ಕ್ ಇಲ್ಲದ ಕಡೆಯೂ ದಾರಿ ಹೇಳುತ್ತದೆ.

ಬಾಗಿಲು ಯಾವಾಗ ತೆರೆದಿರುತ್ತದೆ ಅನ್ನುವುದನ್ನು ಮಾತ್ರ ನಕ್ಷೆಯೂ ಎಐಯೂ ಖಚಿತವಾಗಿ ಹೇಳಲಾರವು. ಹಳ್ಳಿ ಗುಡಿಗಳಿಗೆ ಮಧ್ಯಾಹ್ನ ಬೀಗ ಬೀಳುವುದು ಮಾಮೂಲು. ಪಕ್ಕದ ಅಂಗಡಿಯಲ್ಲಿ ‘ಅರ್ಚಕರ ಮನೆ ಎಲ್ಲಿ?’ ಅಂತ ಕೇಳಿ.

ಇದೇ ಕ್ರಮದಲ್ಲಿ ಜಲಪಾತ, ಬೆಟ್ಟ, ಕಾಲುದಾರಿಗಳನ್ನೂ ಹುಡುಕಬಹುದು. ಆದರೆ ನಕ್ಷೆಯಲ್ಲಿ ಕಾಲುದಾರಿ ಇದೆ ಅಂದ ಮಾತ್ರಕ್ಕೆ ಹತ್ತಲು ಅನುಮತಿ ಇದೆ ಅಂತಲ್ಲ. ಕಾಡಿನ ಚಾರಣವಾದರೆ ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ತಾಣದಲ್ಲಿ ಮೊದಲು ನೋಡಿ, ಬುಕಿಂಗ್ ಸಿಕ್ಕ ಮೇಲೆ ಉಳಿದ ಪ್ಲಾನ್ ಮಾಡಿ.