ಕೂದಲಿನ ಔಷಧಿ ಶುರು ಮಾಡಿದ್ಮೇಲೆ ಏನೋ ಎಡವಟ್ಟಾಗ್ತಿದ್ಯಾ? ಕಾರಣ ಹುಡುಕೋದು ಹೀಗೆ

ಮಿನಾಕ್ಸಿಡಿಲ್ ಹಚ್ಚೋಕೆ ಶುರು ಮಾಡಿ ಮೂರನೇ ವಾರಕ್ಕೆ ನನ್ನ ನೆತ್ತಿ ಎಷ್ಟು ತುರಿಸ್ತಿತ್ತು ಅಂದ್ರೆ ಮೀಟಿಂಗಲ್ಲಿ ಕೂತು ಪೆನ್ನಲ್ಲಿ ಕೆರ್ಕೋತಿದ್ದೆ. ಹೊಟ್ಟು ಅಂದ್ಕೊಂಡು ಶಾಂಪೂ ಬದಲಾಯಿಸ್ದೆ, ಆಮೇಲೆ ಬೋರ್‌ವೆಲ್ ನೀರಿನ ಮೇಲೆ ಹಾಕ್ದೆ, ಅಮ್ಮ ಕೊಬ್ಬರಿ ಎಣ್ಣೆ ಹಚ್ಚು ಅಂದ್ರು ಅದೂ ಆಯ್ತು. ಕೊನೆಗೆ ಸ್ಕಿನ್ ಡಾಕ್ಟರ್ ಬಾಟಲ್ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ತೋರಿಸಿದ್ರು: ಪ್ರೊಪಿಲೀನ್ ಗ್ಲೈಕಾಲ್. ಅಂದ್ರೆ ಔಷಧಿ ಅಲ್ಲ, ಔಷಧಿನ ಕರಗಿಸೋಕೆ ಹಾಕಿರೋ ದ್ರವ ನನಗೆ ಆಗ್ತಿರ್ಲಿಲ್ಲ. ಅದಿಲ್ಲದ ಫೋಮ್‌ಗೆ ಬದಲಾಯಿಸಿದ್ಮೇಲೆ ಹತ್ತೇ ದಿನಕ್ಕೆ ತುರಿಕೆ ಮಾಯ. ಹಾಗಂತ ಎಲ್ಲರಿಗೂ ಇದೇ ಕಾರಣ ಅಲ್ಲ, ಕೆಲವರಿಗೆ ಮಿನಾಕ್ಸಿಡಿಲ್ಲೇ ಅಲರ್ಜಿ ಇರುತ್ತೆ, ಅವರಿಗೆ ಫೋಮ್ ಕೂಡ ಕೆಲಸಕ್ಕೆ ಬರಲ್ಲ.

ಹಾಗಾಗಿ ಮೊದಲ ಕೆಲಸ, ಒಂದು ಹಾಳೆಯಲ್ಲಿ ಬರೆಯೋದು. ಏನೇನು ತಗೋತಿದೀರಿ, ಎಷ್ಟು ಪರ್ಸೆಂಟು, ಎಷ್ಟು ಎಂಜಿ, ಯಾವತ್ತು ಶುರು ಮಾಡಿದ್ರಿ, ತೊಂದರೆ ಯಾವತ್ತು ಬಂತು. ಲೇಬಲ್ ಪೂರ್ತಿ ಓದಿ, ಯಾಕಂದ್ರೆ ನಮ್ಮಲ್ಲಿ ಸಿಗೋ ಎಷ್ಟೋ ಲೋಷನ್‌ಗಳಲ್ಲಿ ಮಿನಾಕ್ಸಿಡಿಲ್ ಜೊತೆ ಫಿನಾಸ್ಟರೈಡ್ (ಹಾರ್ಮೋನ್ ಮೇಲೆ ಕೆಲಸ ಮಾಡೋ ಇನ್ನೊಂದು ಕೂದಲಿನ ಔಷಧಿ) ಕೂಡ ಸೇರಿರುತ್ತೆ, ಜನ "ನಾನು ಮಾತ್ರೆ ತಗೊಳ್ಳಲ್ಲಪ್ಪ, ಬರೀ ಹಚ್ಕೊಳ್ಳೋದು" ಅಂತಿರ್ತಾರೆ, ಹಚ್ಚಿದ್ದರಲ್ಲೂ ಸ್ವಲ್ಪ ರಕ್ತಕ್ಕೆ ಹೋಗುತ್ತೆ ಅನ್ನೋದು ಗೊತ್ತೇ ಇರಲ್ಲ.

ಮಿನಾಕ್ಸಿಡಿಲ್ ಶುರು ಮಾಡಿದ ಮೊದಲ ಎರಡು ತಿಂಗಳಲ್ಲಿ ಕೂದಲು ಇನ್ನೂ ಜಾಸ್ತಿ ಉದುರಿದ್ರೆ ಗಾಬರಿ ಬೇಡ. ವಿಶ್ರಾಂತಿಯಲ್ಲಿದ್ದ ಹಳೇ ಕೂದಲನ್ನ ತಳ್ಳಿ ಹೊಸದು ಬೆಳೆಯೋಕೆ ಹೊರಡುತ್ತೆ, ಅಷ್ಟೇ. ಆದ್ರೆ ಎರಡು ಮೂರು ತಿಂಗಳ ಹಿಂದೆ ಡೆಂಗಿನೋ ಟೈಫಾಯ್ಡೋ ಬಂದಿತ್ತಾ ನೆನಪಿಸಿಕೊಳ್ಳಿ, ಜೋರು ಜ್ವರದ ನಂತರದ ಉದುರುವಿಕೆ ಸರಿಯಾಗಿ ಈ ಲೆಕ್ಕಕ್ಕೇ ಬರುತ್ತೆ, ಬೈಗುಳ ಮಾತ್ರ ಪಾಪ ಔಷಧಿಗೆ.

ಈಗ ಎದೆ ಢವಢವ, ತಲೆಸುತ್ತು, ಕಾಲು ಊತ. ಮಿನಾಕ್ಸಿಡಿಲ್ ಹುಟ್ಟಿದ್ದೇ ಬಿಪಿ ಮಾತ್ರೆಯಾಗಿ, ಅಮೆರಿಕದಲ್ಲಿ 1979ರಲ್ಲಿ ಒಪ್ಪಿಗೆ ಸಿಕ್ಕಿದ್ದು ಅದಕ್ಕೇ. ನುಂಗಿದವರ ಮೈಮೇಲೆ ಕೂದಲು ಬೆಳೆದಿದ್ದು ನೋಡಿ 1988ಕ್ಕೆ ತಲೆಗೆ ಹಚ್ಚೋ ರೂಪ ಬಂತು. ರಕ್ತನಾಳ ಹಿಗ್ಗಿಸೋ ಗುಣ ಎಲ್ಲಿಗೆ ಹೋಗುತ್ತೆ ಹೇಳಿ? ಮಾತ್ರೆ ರೂಪದಲ್ಲಿ ತಗೊಳ್ಳೋರಿಗೆ ಈ ಲಕ್ಷಣ ಜಾಸ್ತಿ. ಹಚ್ಚೋರಾದ್ರೆ ಅಳತೆ ನೋಡಿ, ಒಂದ್ಸಲಕ್ಕೆ 1 ಎಂಎಲ್, ದಿನಕ್ಕೆರಡು ಸಲ ಅಂತ ಬರೆದಿದ್ರೆ ಅಷ್ಟೇ, "ಬೇಗ ಬರ್ಲಿ" ಅಂತ ಸುರಿಯೋದಲ್ಲ. ಡರ್ಮಾರೋಲರ್ (ಸಣ್ಣ ಸೂಜಿಗಳಿರೋ ಉರುಳೆ) ಉಜ್ಜಿ ಅದೇ ರಾತ್ರಿ ಹಚ್ಚಿದ್ರೆ, ಅಥವಾ ನೆತ್ತಿ ಕೆರೆದು ಗಾಯ ಆಗಿದ್ರೆ ಮೈಗೆ ಹೋಗೋ ಪ್ರಮಾಣ ಏರುತ್ತೆ. ಹಣೆ, ಕೆನ್ನೆ ಮೇಲೆ ಕೂದಲು ಬರ್ತಿದ್ರೆ ಒದ್ದೆ ತಲೆಯಲ್ಲೇ ಮಲಗಿ ದಿಂಬಿಂದ ಮುಖಕ್ಕೆ ಹತ್ತಿರಬಹುದು. ಯುರೋಪಲ್ಲಿ ಅಪ್ಪನ ತಲೆಯ ಔಷಧಿ ತಾಗಿ ಕೂಸಿನ ಮೈಮೇಲೆಲ್ಲ ಕೂದಲು ಬೆಳೆದ ಪ್ರಕರಣ ಇದೆ, ಹಾಗಾಗಿ ಹಚ್ಚಿದ ಕೈ ತೊಳೀರಿ, ಮಗು ಆ ಜಾಗ ಮುಟ್ಟದ ಹಾಗೆ ನೋಡ್ಕೊಳ್ಳಿ. ಮನೇಲಿ ಬೆಕ್ಕಿದ್ರೆ ಇನ್ನೂ ಹುಷಾರು, ಅದಕ್ಕೆ ಸ್ವಲ್ಪ ನೆಕ್ಕಿದ್ರೂ ಪ್ರಾಣಕ್ಕೇ ಕುತ್ತು.

ಫಿನಾಸ್ಟರೈಡ್ ಕಥೆ ಬೇರೆ, ಹುಡುಗರು ಯಾರಿಗೂ ಹೇಳದೆ ಒಳಗೊಳಗೇ ಒದ್ದಾಡೋದು ಇಲ್ಲೇ. ಗಂಡಸರ ಹಾರ್ಮೋನ್ ಟೆಸ್ಟೋಸ್ಟಿರಾನನ್ನ ಡಿಎಚ್‌ಟಿ ಅನ್ನೋ, ಕೂದಲಿನ ಬೇರು ಸೊರಗಿಸೋ ಹಾರ್ಮೋನ್ ಆಗಿ ಬದಲಾಯಿಸೋ ಕಿಣ್ವವನ್ನ ಇದು ತಡೆಯುತ್ತೆ, ರಕ್ತದಲ್ಲಿ ಡಿಎಚ್‌ಟಿ ಸುಮಾರು 70 ಪರ್ಸೆಂಟ್ ಇಳಿಯುತ್ತೆ. ಉಳಿದ ಟೆಸ್ಟೋಸ್ಟಿರಾನಿನ ಒಂದು ಪಾಲು ಈಸ್ಟ್ರೋಜನ್ ಆಗೋದ್ರಿಂದ ಕೆಲವರಿಗೆ ಮೊಲೆ ಭಾಗದಲ್ಲಿ ನೋವು, ಉಬ್ಬು. ಲೈಂಗಿಕ ತೊಂದರೆ 1 ಎಂಜಿ ಮಾತ್ರೆಯ ಟ್ರಯಲ್‌ಗಳಲ್ಲಿ 3.8 ಪರ್ಸೆಂಟ್ ಜನರಿಗೆ ಬಂದಿತ್ತು, ಸುಮ್ಮನೆ ಔಷಧಿಯಿಲ್ಲದ ಮಾತ್ರೆ ತಿಂದವರಲ್ಲೂ 2.1 ಪರ್ಸೆಂಟ್‌ಗೆ. 2007ರ ಒಂದು ಇಟಲಿ ಅಧ್ಯಯನದಲ್ಲಿ ಪ್ರಾಸ್ಟೇಟ್ ಗ್ರಂಥಿ ಊದಿದ್ದಕ್ಕೆ ಇದನ್ನೇ 5 ಎಂಜಿ ತಗೊಂಡವರಲ್ಲಿ, ಈ ತೊಂದರೆ ಬರಬಹುದು ಅಂತ ಮೊದಲೇ ಹೇಳಿಸಿಕೊಂಡವರಲ್ಲಿ 43.6 ಪರ್ಸೆಂಟ್ ದೂರು ಹೇಳಿದ್ರು, ಹೇಳಿಸಿಕೊಳ್ಳದವರಲ್ಲಿ 15.3 ಮಾತ್ರ. ಭಯವೂ ಒಂದು ಕಾರಣ ಅಂತಾಯ್ತು. ಆದ್ರೆ ಇದನ್ನಿಟ್ಕೊಂಡು "ಎಲ್ಲಾ ನಿನ್ನ ತಲೇಲಿರೋದು" ಅಂತ ಬಾಯಿ ಮುಚ್ಚಿಸೋರ ಮಾತು ಕೇಳ್ಬೇಡಿ, ಯಾಕಂದ್ರೆ ಅದೇ ಕಿಣ್ವ ಮಿದುಳಲ್ಲೂ ಕೆಲಸ ಮಾಡುತ್ತೆ, ಮಾತ್ರೆಯಿಂದ ಆತ್ಮಹತ್ಯೆಯ ಯೋಚನೆ ಬರಬಹುದು ಅಂತ ಯುರೋಪಿನ ಔಷಧ ನಿಯಂತ್ರಕರು 2025ರಲ್ಲಿ ಖಚಿತವಾಗೇ ಹೇಳಿದ್ದಾರೆ. ಕೆಲವರಿಗೆ ಮಾತ್ರೆ ಬಿಟ್ಟ ಮೇಲೂ ಲೈಂಗಿಕ ತೊಂದರೆ ಮುಂದುವರಿದ ವರದಿಗಳಿವೆ. ಮನಸ್ಸು ಕುಗ್ತಿದ್ರೆ ಕಾರಣ ಹುಡುಕ್ತಾ ಕೂರೋದು ಬೇಡ, ಮಾತ್ರೆ ನಿಲ್ಲಿಸಿ ಅವತ್ತೇ ಡಾಕ್ಟರ್ ಹತ್ರ ಹೋಗಿ, ಮನೆಯವರಿಗೂ ಹೇಳಿ.

ದುಡ್ಡು ಉಳಿಸೋಕೆ ಪ್ರಾಸ್ಟೇಟ್‌ಗೆ ಕೊಡೋ 5 ಎಂಜಿ ಫಿನಾಸ್ಟರೈಡ್ ಮಾತ್ರೆನ ಬ್ಲೇಡಲ್ಲಿ ನಾಲ್ಕು ಚೂರು ಮಾಡೋರೂ ಇದಾರೆ. ಚೂರು ಸಮ ಬರಲ್ಲ, ಅದಕ್ಕಿಂತ ಮುಖ್ಯ, ಮುರಿದ ಮಾತ್ರೆನ ಬಸುರಿ ಹೆಂಗಸು ಮುಟ್ಟಲೇಬಾರದು, ಹೊಟ್ಟೇಲಿರೋ ಗಂಡು ಮಗುವಿಗೆ ಅಪಾಯ. ಫಿನಾಸ್ಟರೈಡ್ ಜಾತಿಯದ್ದೇ ಆದ ಡುಟಾಸ್ಟರೈಡ್ ಆದ್ರೆ ಇನ್ನೊಂದು ತಕರಾರು, ಅದು ಮೈಯಿಂದ ಅರ್ಧ ಖಾಲಿಯಾಗೋಕೇ ಐದು ವಾರ ಬೇಕು. "ಬಿಟ್ಟು ಹತ್ತು ದಿನ ಆಯ್ತು, ತೊಂದರೆ ಹಾಗೇ ಇದೆ, ಅಂದ್ರೆ ಔಷಧಿದಲ್ಲ" ಅನ್ನೋ ಲೆಕ್ಕ ಅಲ್ಲಿ ನಡೆಯಲ್ಲ.

ಜನ ಲೆಕ್ಕಕ್ಕೇ ಇಡದೆ ಇರೋದು ಬಯೋಟಿನ್ ಅನ್ನೋ ವಿಟಮಿನ್, ಕೂದಲಿಗೆ ಅಂತ ಮಾರೋ ಗಮ್ಮಿ (ಜಗಿಯೋ ಮಿಠಾಯಿ), ಮಾತ್ರೆ ಹೆಚ್ಚಿನವುಗಳಲ್ಲಿ ಅದೇ ಇರುತ್ತೆ. ಜಾಸ್ತಿ ಬಯೋಟಿನ್ ಕೆಲವು ರಕ್ತ ಪರೀಕ್ಷೆ ಕೆಡಿಸುತ್ತೆ, ಥೈರಾಯ್ಡ್ ಸರಿಯಿದ್ರೂ ಟಿಎಸ್‌ಎಚ್ (ಥೈರಾಯ್ಡ್ ಟೆಸ್ಟಲ್ಲಿ ಅಳೆಯೋ ಹಾರ್ಮೋನ್) ಕಮ್ಮಿ ಅಂತ ತೋರಿಸಬಹುದು. ಎದೆ ಢವಢವ ಅಂತ ಟೆಸ್ಟ್ ಮಾಡಿಸಿದವನಿಗೆ ಇಲ್ಲದ ಥೈರಾಯ್ಡ್ ಕಾಯಿಲೆ ಅಂಟ್ಕೊಳ್ಳೋದು ಹೀಗೇ. ಲ್ಯಾಬಲ್ಲಿ ಮೊದಲೇ ಹೇಳಿ. ಫಿನಾಸ್ಟರೈಡ್ ತಗೋತಿದ್ರೆ ಪಿಎಸ್‌ಎ (ಪ್ರಾಸ್ಟೇಟ್ ತೊಂದರೆ ನೋಡೋ ರಕ್ತ ಪರೀಕ್ಷೆ) ಕೂಡ ಸುಮಾರು ಅರ್ಧಕ್ಕೆ ಇಳಿದಿರುತ್ತೆ, ನಲವತ್ತೈದು ದಾಟಿದ ಅಣ್ಣಂದಿರು ಇದನ್ನ ಡಾಕ್ಟರ್‌ಗೆ ಹೇಳಲೇಬೇಕು.

ಇಷ್ಟಾದ್ಮೇಲೂ ಗೊತ್ತಾಗ್ಲಿಲ್ಲ ಅಂದ್ರೆ ಡಾಕ್ಟರ್‌ಗೆ ಹೇಳಿ ಒಂದೊಂದನ್ನೇ ನಿಲ್ಲಿಸಿ ನೋಡಿ, ಎಲ್ಲಾ ಒಟ್ಟಿಗೆ ನಿಲ್ಲಿಸಿದ್ರೆ ಯಾವುದು ಅಂತ ತಿಳಿಯಲ್ಲ. ಎದೆನೋವು, ಉಸಿರಾಟದ ತೊಂದರೆ, ಮುಖ ಊದೋದು, ಎದೇಲಿ ಗಂಟು, ಮೇಲೆ ಹೇಳಿದ ಮನಸ್ಸು ಕುಗ್ಗೋದು, ಇವಕ್ಕೆ ಮಾತ್ರ ಈ ಪ್ರಯೋಗ ಇಲ್ಲ, ನಿಲ್ಲಿಸಿ ತಕ್ಷಣ ಆಸ್ಪತ್ರೆ. ಹೋಗೋವಾಗ ಆ ಹಾಳೆ, ಬಾಟಲ್, ಮಾತ್ರೆ ಶೀಟು ಎಲ್ಲಾ ಒಂದು ಕವರಲ್ಲಿ ಹಾಕ್ಕೊಂಡು ಹೋಗಿ, ಗಮ್ಮಿ ಡಬ್ಬನೂ ಸೇರಿಸಿ.