ಆಕ್ರಮಣಕಾರಿ ಪ್ರಭೇದಗಳ ವಿರುದ್ಧ ಜನಜಾಗೃತಿ ಅಭಿಯಾನ ನಡೆಸುವ ಬಗೆ

ಹೊರಗಿನಿಂದ ಬಂದು ಬೇರೂರಿ ಸ್ಥಳೀಯ ಜೀವಿಗಳನ್ನು ಮೂಲೆಗೊತ್ತುವ ಸಸ್ಯ, ಪ್ರಾಣಿಗಳ ಬಗ್ಗೆ ಅಭಿಯಾನ ಕೈಗೊಳ್ಳುವವರು ಮೊದಲು ಒಂದು ಪ್ರಭೇದವನ್ನೂ ಅದು ಹರಡುವ ಒಂದು ದಾರಿಯನ್ನೂ ಆರಿಸಿಕೊಳ್ಳಬೇಕು. ಮನುಷ್ಯರ ಚಟುವಟಿಕೆಯಿಂದ ಹೊಸ ನೆಲ ಸೇರಿದ ಪ್ರಭೇದಗಳು 37,000ಕ್ಕೂ ಹೆಚ್ಚು, ಅವುಗಳಲ್ಲಿ ಹಾನಿಕಾರಕವಾದವು 3,500ಕ್ಕೂ ಹೆಚ್ಚು ಎಂದು ಜೀವವೈವಿಧ್ಯದ ಬಗ್ಗೆ ಸರ್ಕಾರಗಳಿಗೆ ವೈಜ್ಞಾನಿಕ ಮಾಹಿತಿ ಒದಗಿಸುವ ಅಂತರರಾಷ್ಟ್ರೀಯ ಸಂಸ್ಥೆ ಐಪಿಬಿಇಎಸ್‌ನ 2023ರ ವರದಿ ಹೇಳುತ್ತದೆ. ಇಂಥ ಅಂಕಿಅಂಶಗಳು ಸರ್ಕಾರಕ್ಕೆ ಕೊಡುವ ಮನವಿಪತ್ರಕ್ಕೆ ಒದಗುತ್ತವೆಯೇ ಹೊರತು, ಗಾಳ ಹಿಡಿದು ಹೊರಟವನಿಗೆ ತಾನೇನು ಮಾಡಬೇಕೆಂಬುದನ್ನು ತಿಳಿಸುವುದಿಲ್ಲ.

ಆದ್ದರಿಂದ ಜನರಲ್ಲಿ ಕೇಳುವುದು ಕೂಡಲೇ ಮಾಡಬಹುದಾದ ಕೆಲಸವಾಗಿರಲಿ. ನ್ಯೂಜಿಲೆಂಡಿನಲ್ಲಿ 2004ರಲ್ಲಿ ಡಿಡಿಮೊ ಎಂಬ ಪಾಚಿ ಪತ್ತೆಯಾದ ಬಳಿಕ ನಡೆದ ಪ್ರಚಾರವು ನದಿಗಿಳಿಯುವವರಿಗೆ ಹೇಳಿದ್ದು ಇಷ್ಟೇ: ಪರೀಕ್ಷಿಸಿ, ತೊಳೆಯಿರಿ, ಒಣಗಿಸಿ. ಕಣ್ಣಿಗೆ ಕಾಣದ ಈ ಪಾಚಿಯ ಕೋಶಗಳು ತೇವವಿರುವಷ್ಟು ಕಾಲ ಬದುಕಿರಬಲ್ಲವಾದ್ದರಿಂದ, ಬಲೆಯ ಗಂಟಿನಲ್ಲಿ, ದೋಣಿಯ ತಳದ ಕೆಸರಿನಲ್ಲಿ, ಬೇಗ ಒಣಗದ ಫೆಲ್ಟ್ ಅಟ್ಟೆಯ ಬೂಟಿನಲ್ಲಿ ಅವು ಮುಂದಿನ ನದಿಗೆ ಸಾಗುತ್ತವೆ. ಇಂಥ ಸೂಚನಾಫಲಕವನ್ನು ದೋಣಿ ಇಳಿಸುವ ಜಾಗದಲ್ಲೇ ನೆಡಬೇಕು. ಸಭಾಂಗಣದಲ್ಲಿ ತೂಗುಹಾಕಿದರೆ ಉಪಯೋಗವಿಲ್ಲ.

ಅಕ್ವೇರಿಯಂ ಮೀನುಗಳನ್ನು ಕೆರೆಗೆ ಬಿಡುವವರು ಬಹುಪಾಲು ಕರುಣೆಯಿಂದಲೇ ಬಿಡುತ್ತಾರೆ. ಅವರನ್ನು ಗದರಿಸುವ ಬದಲು ಮೀನನ್ನು ಮರಳಿ ಪಡೆಯುವಂತೆ ಅಂಗಡಿಯವರನ್ನು ಒಪ್ಪಿಸುವುದು ಮೇಲು. ಕಳೆ ಕೀಳುವ ಶ್ರಮದಾನವಾದರೆ, ಹೂ ಬಿಡುವ ಮೊದಲೇ ದಿನ ಗೊತ್ತುಮಾಡಿ, ಅದನ್ನೇ ಹೋಲುವ ಸ್ಥಳೀಯ ಗಿಡದ ಚಿತ್ರವನ್ನೂ ಪಕ್ಕದಲ್ಲಿಟ್ಟು ತೋರಿಸಬೇಕು. ಪಾರ್ಥೇನಿಯಂ ಚರ್ಮಕ್ಕೆ ಅಲರ್ಜಿ ತರುವುದರಿಂದ ಕೈಗವಸಿಲ್ಲದೆ ಯಾರನ್ನೂ ಇಳಿಸಬಾರದು.

ಪ್ರಾಣಿಗಳ ವಿಷಯ ಇನ್ನೂ ಸೂಕ್ಷ್ಮ. ಇಟಲಿಯಲ್ಲಿ 1997ರಲ್ಲಿ ಅಮೆರಿಕದ ಬೂದು ಅಳಿಲನ್ನು ನಿರ್ಮೂಲ ಮಾಡುವ ಯತ್ನ ಆರಂಭವಾದಾಗ ಪ್ರಾಣಿದಯಾ ಸಂಘಟನೆಗಳು ನ್ಯಾಯಾಲಯದ ಮೆಟ್ಟಿಲೇರಿದವು. ವ್ಯಾಜ್ಯ ಮುಗಿಯುವಷ್ಟರಲ್ಲಿ ಅಳಿಲು ಕೈಮೀರಿ ಹರಡಿತ್ತು. ವಿರೋಧಿಸಬಹುದಾದವರನ್ನು ಯೋಜನೆ ಅಂತಿಮವಾಗುವ ಮುನ್ನವೇ ಕರೆದು ಮಾತಾಡಿಸಬೇಕು. 'ವಿದೇಶಿ ಶತ್ರು' ಎಂಬಂಥ ಮಾತುಗಳನ್ನು ಬಿಡುವುದು ಒಳ್ಳೆಯದು, ಏಕೆಂದರೆ ನಾವು ಬೆಳೆಯುವ ಎಷ್ಟೋ ಬೆಳೆಗಳೂ ಹೊರಗಿನಿಂದ ಬಂದವೇ.

ಸರ್ಕಾರಕ್ಕೆ ಬರೆಯುವಾಗ 'ಸೂಕ್ತ ಕ್ರಮ ಕೈಗೊಳ್ಳಿ' ಎನ್ನದೆ, ಯಾವ ಪ್ರಭೇದದ ಮಾರಾಟ ನಿಲ್ಲಬೇಕೆಂದು ಹೆಸರಿಸಿ. ಇಂಥ ಪ್ರಭೇದಗಳು ಹೊಸದಾಗಿ ಬಂದು ನೆಲೆಯೂರುವ ಪ್ರಮಾಣವನ್ನು 2030ರೊಳಗೆ ಕನಿಷ್ಠ ಶೇ. 50ರಷ್ಟು ತಗ್ಗಿಸುವ ಗುರಿಯನ್ನು ಹಲವು ದೇಶಗಳು ಸೇರಿ 2022ರಲ್ಲಿ ಒಪ್ಪಿಕೊಂಡ ಕುನ್ಮಿಂಗ್–ಮಾಂಟ್ರಿಯಲ್ ಜೀವವೈವಿಧ್ಯ ಚೌಕಟ್ಟು ಇಟ್ಟುಕೊಂಡಿದೆ, ಅದನ್ನು ಉಲ್ಲೇಖಿಸಿ. ಹಂಚಿದ ಕರಪತ್ರಗಳ ಲೆಕ್ಕಕ್ಕಿಂತ, ದೋಣಿ ತೊಳೆದು ಹೊರಟವರು ಅಭಿಯಾನಕ್ಕೆ ಮುಂಚೆ ಎಷ್ಟಿದ್ದರು, ಆಮೇಲೆ ಎಷ್ಟಾದರು ಎಂಬ ಲೆಕ್ಕವನ್ನಿಡಿ.